ರೋಹಿಣಿಯ ರೋಹಿತದಲ್ಲಿ ಸಿಕ್ಕ ಭೂಮಿಯ ವೇಗ

ರೋಹಿಣಿ ನಕ್ಷತ್ರ ಕೆಂಪಗಿರುವುದು ಅದು ನಮ್ಮಿಂದ ದೂರ ಓಡುತ್ತಿರುವುದಕ್ಕೆ ಅಂತ ಒಂದು ಕಾಲದಲ್ಲಿ ನಾನೂ ನಂಬಿದ್ದೆ. ಓಡುತ್ತಿರುವುದೇನೋ ನಿಜ, ಸೆಕೆಂಡಿಗೆ ಸುಮಾರು 54 ಕಿ.ಮೀ. ಆದರೆ ಅಷ್ಟು ವೇಗಕ್ಕೆ ಬೆಳಕಿನ ತರಂಗಾಂತರ ಹಿಗ್ಗುವುದು ಐದೂವರೆ ಸಾವಿರದಲ್ಲಿ ಒಂದು ಪಾಲು ಮಾತ್ರ. ಕಣ್ಣಿಗೆ ಅದು ಲೆಕ್ಕಕ್ಕೇ ಇಲ್ಲ. ಕೆಂಪು ಬಂದದ್ದು ಮೇಲ್ಮೈ ಸುಮಾರು 3900 ಕೆಲ್ವಿನ್ ಇರುವುದರಿಂದ; ನಕ್ಷತ್ರಗಳ ಲೆಕ್ಕದಲ್ಲಿ ಅದು ತಂಪು. ವೇಗ ತಿಳಿಯಬೇಕಾದರೆ ರೋಹಿತದ, ಅಂದರೆ ಬೆಳಕನ್ನು ಬಿಡಿಸಿದಾಗ ಸಿಗುವ ಬಣ್ಣದ ಪಟ್ಟಿಯ, ಕಪ್ಪು ಗೆರೆ ಎಷ್ಟು ಸರಿದಿದೆ ಅಂತ ಅಳೆಯಬೇಕು.

ಬೆಳಕನ್ನು ಬಣ್ಣಗಳಾಗಿ ಬಿಡಿಸುವ, ಮಿಲಿಮೀಟರಿಗೆ 100 ಗೀರುಗಳ ಗ್ರೇಟಿಂಗ್‌ನಿಂದ ಶುರು ಮಾಡಿದೆ. ಚೆಂದದ ಕಾಮನಬಿಲ್ಲು ಬಂತು, ಅಳತೆ ಬರಲಿಲ್ಲ. ಆಮೇಲೆ 2400 ಗೀರುಗಳ, ಬೆಳಕು ಒಳಬರಲು ಸ್ಲಿಟ್ (ಸಣ್ಣ ಸೀಳು) ಇರುವ, ರೋಹಿತದ ಚಿತ್ರ ತೆಗೆಯುವ ಸ್ಪೆಕ್ಟ್ರೋಗ್ರಾಫ್‌ಗೆ ಬಂದೆ. ಅದರಲ್ಲಿ ಒಂದು ಪಿಕ್ಸೆಲ್ ಅಂದರೆ 0.01 ನ್ಯಾನೋಮೀಟರ್, ರೋಹಿತದ ಕೆಂಪು ಭಾಗದಲ್ಲಿರುವ ಹೈಡ್ರೋಜನ್ ಗೆರೆಯ ಹತ್ತಿರ, ಅಂದರೆ ಅದರ ಸಹಜ ಜಾಗವಾದ 656.28 ನ್ಯಾನೋಮೀಟರಿನಲ್ಲಿ, ಅದು ಸೆಕೆಂಡಿಗೆ ನಾಲ್ಕೂವರೆ ಕಿ.ಮೀ.ಗೆ ಸಮ.

ಆಗಸ್ಟ್ ಕೊನೆಯ ಒಂದು ಬೆಳಗಿನ ಜಾವ ಚಿತ್ರ ತೆಗೆದೆ. ಲೆಕ್ಕ ಹಾಕಿದರೆ ರೋಹಿಣಿ ಸೆಕೆಂಡಿಗೆ 8 ಕಿ.ಮೀ. ವೇಗದಲ್ಲಿ ನಮ್ಮ ಕಡೆಗೇ ಬರುತ್ತಿದೆ! ಸೂತ್ರ ತಿರುವುಮುರುವು ಮಾಡಿದೆನೇನೋ ಅಂತ ಎರಡು ದಿನ ತಲೆ ಕೆಡಿಸಿಕೊಂಡೆ. ಕೊನೆಗೆ ಕಣ್ಣು ಬಿದ್ದದ್ದು ಹೈಡ್ರೋಜನ್ ಗೆರೆಯ ಅಕ್ಕಪಕ್ಕದ ಸಣ್ಣ ಚೂಪು ಗೆರೆಗಳ ಮೇಲೆ. ಅವು ನಕ್ಷತ್ರದ್ದಲ್ಲ, ನಮ್ಮದೇ ಗಾಳಿಯ ನೀರಾವಿಯವು. ಆ ಗಾಳಿ ನಮ್ಮ ಜೊತೆಗೇ ಸಾಗುತ್ತದೆ, ಹಾಗಾಗಿ ಅವು ಸರಿಯಲೇಬಾರದು. ಆದರೆ ಏಳು ಪಿಕ್ಸೆಲ್ ನೀಲಿ ಕಡೆಗೆ ಸರಿದಿದ್ದವು. ನಿಯಾನ್ ದೀಪವನ್ನು ಶುರುವಿನಲ್ಲಿ ಒಂದೇ ಸಲ ಉರಿಸಿ ಅಳತೆಗೋಲು ಮಾಡಿಕೊಂಡಿದ್ದೆ. ಆಮೇಲೆ ಟೆಲಿಸ್ಕೋಪ್ ಹೊರಳಿದಾಗ ಉಪಕರಣ ತನ್ನದೇ ಭಾರಕ್ಕೆ ಕೂದಲೆಳೆಯಷ್ಟು ಬಾಗಿತ್ತು. ಆ ಏಳು ಪಿಕ್ಸೆಲ್ ಕಳೆದರೆ ಬಂದದ್ದು 24 ಕಿ.ಮೀ., ದೂರಕ್ಕೆ. ಅಂದಿನಿಂದ ಪ್ರತಿ ಚಿತ್ರದ ಹಿಂದೆ ಮುಂದೆ ದೀಪ ಉರಿಸುತ್ತೇನೆ. ಆದರೂ ನೀರಾವಿಯ ಗೆರೆಗಳನ್ನೇ ಹೆಚ್ಚು ನಂಬುತ್ತೇನೆ.

ಹಾಗಾದರೆ 54 ಎಲ್ಲಿ ಹೋಯಿತು? ರೋಹಿಣಿ ಇರುವುದು ಕ್ರಾಂತಿವೃತ್ತದ, ಅಂದರೆ ಆಕಾಶದಲ್ಲಿ ಸೂರ್ಯ ಸಾಗುವಂತೆ ಕಾಣುವ ದಾರಿಯ, ಪಕ್ಕದಲ್ಲೇ. ಆಗಸ್ಟ್ ಕೊನೆಗೆ ಭೂಮಿ ತನ್ನ ಕಕ್ಷೆಯಲ್ಲಿ ಹೆಚ್ಚುಕಡಿಮೆ ನೇರ ಅದರತ್ತ ಧಾವಿಸುತ್ತಿರುತ್ತದೆ, ಮಾರ್ಚ್ ಆರಂಭದಲ್ಲಿ ಬೆನ್ನು ತಿರುಗಿಸಿರುತ್ತದೆ. ಆರು ತಿಂಗಳು ಕಾದೆ. ಮಾರ್ಚ್‌ನ ಒಂದು ಸಂಜೆ ಅದೇ ಗೆರೆ 656.46ರಲ್ಲಿತ್ತು, ಅಂದರೆ 82 ಕಿ.ಮೀ.

ಆಗಸ್ಟ್‌ನಲ್ಲಿ ಭೂಮಿಯ ವೇಗ ಕಳೆಯುತ್ತದೆ, ಮಾರ್ಚ್‌ನಲ್ಲಿ ಕೂಡುತ್ತದೆ; ಹಾಗಾಗಿ 82ರಲ್ಲಿ 24 ಕಳೆದು ಅರ್ಧ ಮಾಡಿದರೆ 29. ಭೂಮಿಯ ನಿಜವಾದ ವೇಗ 29.8.

ಮುಂದಿನ ಗುರಿ ಬೀಟಾ ಆರಿಗೇ ಎಂಬ ಜೋಡಿ ನಕ್ಷತ್ರ. ಅಲ್ಲಿ ಎರಡು ನಕ್ಷತ್ರಗಳು ಸುಮಾರು ನಾಲ್ಕು ದಿನಕ್ಕೊಮ್ಮೆ ಒಂದನ್ನೊಂದು ಸುತ್ತುತ್ತವೆ, ಗೆರೆಗಳು ಇಬ್ಭಾಗವಾಗಿ ಮತ್ತೆ ಕೂಡುತ್ತವೆ. ಆರು ತಿಂಗಳು ಕಾಯಬೇಕಿಲ್ಲ.