‘ಯಾವ ಪುಟದಲ್ಲಿ ಬಿಟ್ಟೆ?’: 9ರಿಂದ 12ರ ಮಕ್ಕಳಿಗೆ ಪುಸ್ತಕ ಆರಿಸುವ ಬಗೆ

9ರಿಂದ 12 ವರ್ಷದ ಮಕ್ಕಳಿಗೆ ಪುಸ್ತಕ ಆರಿಸಿಕೊಡುವಾಗ ‘ನಿಂಗೆ ಎಂಥ ಪುಸ್ತಕ ಇಷ್ಟ?’ ಎಂದು ನಾನು ಕೇಳುವುದಿಲ್ಲ. ಅದಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರ ‘ಗೊತ್ತಿಲ್ಲ’. ‘ಈಚೆಗೆ ಯಾವ ಪುಸ್ತಕ ಅರ್ಧಕ್ಕೇ ಬಿಟ್ಟೆ? ಎಲ್ಲಿಗೆ ಬಂದಾಗ ಬಿಟ್ಟೆ?’ ಎಂದು ಕೇಳುತ್ತೇನೆ. ಇಷ್ಟವಾದದ್ದನ್ನು ಹೇಳಲು ತಡವರಿಸುವ ಮಗು ಬೇಜಾರಾದದ್ದನ್ನು ಪಟಪಟನೆ ಹೇಳಿಬಿಡುತ್ತದೆ.

ಬಿಟ್ಟ ಜಾಗವೇ ಅರ್ಧ ಉತ್ತರ. ಮೊದಲ ಹತ್ತು ಪುಟದೊಳಗೇ ಬಿಟ್ಟಿದ್ದರೆ ಆ ಕಥೆ ಮಳೆ, ಬೆಟ್ಟ, ಮನೆತನದ ಪರಿಚಯ ಅಂತ ನಿಧಾನಕ್ಕೆ ಶುರುವಾಗಿರುತ್ತದೆ. ಇಂಥವರಿಗೆ ಎರಡನೆಯ ಪುಟ ತಿರುಗಿಸುವಷ್ಟರಲ್ಲಿ ಏನೋ ಎಡವಟ್ಟಾಗುವ ಕಥೆ ಬೇಕು. 30–40ನೇ ಪುಟದ ಸುಮಾರಿಗೆ ಬಿಟ್ಟಿದ್ದರೆ ಪಾತ್ರಗಳು ಜಾಸ್ತಿಯಾಗಿವೆ, ಇಲ್ಲವೇ ಹೆಸರುಗಳು ಒಂದರಂತೆ ಒಂದಿವೆ. ‘ನಾನು’ ಎಂದು ಒಬ್ಬರೇ ಹೇಳುವ, ನಾಲ್ಕೈದು ಜನರ ಕಥೆ ಹುಡುಕುತ್ತೇನೆ. ಅರ್ಧ ದಾಟಿದ ಮೇಲೆ ಬಿಟ್ಟಿದ್ದರೆ ಭಾಷೆಯ ಕಷ್ಟ ಅಲ್ಲ. ಬಹಳ ಸಲ ಅಧ್ಯಾಯ ಉದ್ದವಾಗಿರುತ್ತದೆ: ನಡುವೆ ನಿಲ್ಲಿಸಿ ಮಲಗಿದ ಮಗುವಿಗೆ ಮರುದಿನ ಎಳೆ ಸಿಕ್ಕಿರುವುದಿಲ್ಲ. ಒಂದೇ ಕೂತಕ್ಕೆ ಮುಗಿಯುವ 6–8 ಪುಟದ ಅಧ್ಯಾಯಗಳಿದ್ದರೆ ಅದೇ ಮಗು 200 ಪುಟವನ್ನೂ ಓದುತ್ತದೆ.

ಕೊನೆಯ ಹತ್ತಿಪ್ಪತ್ತು ಪುಟ ಇರುವಾಗ ಬಿಟ್ಟರೆ ದೊಡ್ಡವರು ಸೋಮಾರಿತನ ಎನ್ನುತ್ತಾರೆ. ಮುಂದೆ ಯಾರೋ ಸಾಯುತ್ತಾರೆ, ಯಾರೋ ದೂರವಾಗುತ್ತಾರೆ ಅಂತ ಮಗುವಿಗೆ ಸುಳಿವು ಸಿಕ್ಕಿರುತ್ತದೆ, ಅಷ್ಟೆ. ‘ಮುಂದೇನಾಗುತ್ತೋ ಅಂತ ಹೆದರಿಕೆ ಆಯ್ತಾ?’ ಎಂದು ಮೆಲ್ಲಗೆ ಕೇಳಿದರೆ ತಲೆಯಾಡಿಸುತ್ತಾರೆ. ಅವರು ಕೆಟ್ಟ ಓದುಗರಲ್ಲ, ಕಥೆಯೊಳಗೆ ಪೂರಾ ಇಳಿದವರು. ಮುಂದಿನ ಪುಸ್ತಕ ಕೊಡುವಾಗ ಇರುವುದನ್ನು ಮೊದಲೇ ಹೇಳಿಬಿಡುತ್ತೇನೆ: ‘ಇದರಲ್ಲಿ ನಾಯಿ ಸಾಯುತ್ತೆ, ಪರವಾಗಿಲ್ವಾ?’ ಬೇಡ ಅಂದರೆ ಬೇಡ. ಇಷ್ಟು ಹೇಳಲಾಗಬೇಕಾದರೆ ಪುಸ್ತಕವನ್ನು ನಾನೇ ಓದಿರಬೇಕು. ಪೂರ್ತಿ ಓದಲಾಗದಿದ್ದರೆ ಮೊದಲ ಅಧ್ಯಾಯ, ಮುಕ್ಕಾಲು ಭಾಗದ ಆಸುಪಾಸು ಮತ್ತು ಕೊನೆಯ ಎರಡು ಅಧ್ಯಾಯ ನೋಡುತ್ತೇನೆ. ಸಾವು, ಅಪ್ಪ ಅಮ್ಮ ಬೇರೆಯಾಗುವುದು, ಹೊಡೆದಾಟ ಹೆಚ್ಚಾಗಿ ಆ ಮುಕ್ಕಾಲಿನ ಹತ್ತಿರವೇ ಇರುತ್ತವೆ.

ಎರಡನೆಯ ಪ್ರಶ್ನೆ ಪುಸ್ತಕದ್ದೇ ಅಲ್ಲ: ‘ಹೊತ್ತು ಹೋದದ್ದು ಗೊತ್ತಾಗದ ಹಾಗೆ ಏನು ಮಾಡ್ತೀಯ?’ ಉತ್ತರದಲ್ಲಿ ಹುಡುಕಬೇಕಾದದ್ದು ಸೆಳೆತವನ್ನು, ವಿಷಯವನ್ನಲ್ಲ. ಡೈನೋಸಾರ್ ಅಂದರೆ ಪ್ರಾಣ ಬಿಡುವ ಮಗುವಿಗೆ ಡೈನೋಸಾರ್ ಕಾದಂಬರಿ ಕೊಟ್ಟರೆ ಎಷ್ಟೋ ಸಲ ಹಾಗೇ ವಾಪಸು ಬರುತ್ತದೆ. ಆ ಮಗುವಿಗೆ ಬೇಕಾದದ್ದು ಉದ್ದ, ತೂಕ, ಹಲ್ಲಿನ ಆಕಾರ, ಪಟ್ಟಿ, ಅಡ್ಡಸೀಳಿದ ಚಿತ್ರ. ಮುಂದಕ್ಕೆ ಜ್ವಾಲಾಮುಖಿ, ಸಬ್‌ಮರೀನ್, ಮನುಷ್ಯನ ಎಲುಬುಗೂಡಿನ ಪುಸ್ತಕವೂ ಹಿಡಿಸುತ್ತದೆ. ಒಗಟು ಬಿಡಿಸುವ ಮಗುವಿಗೆ ಪತ್ತೇದಾರಿ ಹಿಡಿಸುವುದು ಸುಳಿವುಗಳು ಓದುಗನ ಕಣ್ಣೆದುರೇ ಬಿದ್ದಿದ್ದರೆ ಮಾತ್ರ. ಇನ್ನೊಂದು ಲೆಕ್ಕ: ಈ ವಯಸ್ಸಿನವರು ತಮಗಿಂತ ಒಂದೆರಡು ವರ್ಷ ದೊಡ್ಡವರ ಕಥೆ ಓದಲು ಬಯಸುತ್ತಾರೆ. ಹನ್ನೊಂದರ ಮಗುವಿಗೆ ಎಂಟು ವರ್ಷದ ನಾಯಕಿ ಸಿಕ್ಕರೆ ‘ಇದು ಚಿಕ್ಕೋರ್ದು’ ಎಂದು ಪಕ್ಕಕ್ಕಿಡುತ್ತದೆ, ಕಥೆ ಎಷ್ಟೇ ಚೆನ್ನಾಗಿರಲಿ. ಹುಡುಗರ ಪುಸ್ತಕ, ಹುಡುಗಿಯರ ಪುಸ್ತಕ ಎಂದು ಬೇರೆ ಮಾಡುವುದನ್ನು ಪೂರ್ತಿ ಬಿಟ್ಟುಬಿಡಿ.

ಆಮೇಲೆ ಪುಸ್ತಕ ಬಿಡಿಸಿ ಪುಟ ನೋಡಬೇಕು. ಅಕ್ಷರ ಸಣ್ಣದಾಗಿ, ಒತ್ತಕ್ಷರಗಳು ಕೆಳಸಾಲಿಗೆ ತಾಗುವಷ್ಟು ಸಾಲು ಒತ್ತಾಗಿದ್ದರೆ ಓದು ಇನ್ನೂ ಹದಕ್ಕೆ ಬರದ ಮಗುವಿನ ಕಣ್ಣು ಸಾಲು ತಪ್ಪುತ್ತದೆ. ಮಾತುಕತೆ ಜಾಸ್ತಿ ಇರುವ ಪುಟದಲ್ಲಿ ಬಿಳಿ ಜಾಗ ಹೆಚ್ಚು, ಓದು ಸಲೀಸು. ಸಂಭಾಷಣೆಯೂ ಪುಸ್ತಕದ ಭಾಷೆಯಲ್ಲೇ ಇದ್ದರೆ, ಅಂದರೆ ಹತ್ತು ವರ್ಷದವನು ಗೆಳೆಯನಿಗೆ ‘ನೀನು ಎಲ್ಲಿಗೆ ಹೋಗುತ್ತಿರುವೆ?’ ಅನ್ನುತ್ತಿದ್ದರೆ, ಮಕ್ಕಳಿಗೆ ಅದು ಪಾಠದಂತೆಯೇ ಕೇಳಿಸುತ್ತದೆ.

ಐದು ಬೆರಳಿನ ಪರೀಕ್ಷೆ ಉಪಯೋಗಕ್ಕೆ ಬರುತ್ತದೆ. ನಡುವಿನ ಯಾವುದಾದರೂ ಒಂದು ಪುಟ ಓದಿಸಿ, ಅರ್ಥವಾಗದ ಪದಕ್ಕೊಂದು ಬೆರಳು ಮಡಚಿಸಿ. ಎರಡು–ಮೂರು ಬೆರಳಾದರೆ ಸರಿ, ಐದೂ ಮಡಚಿದರೆ ಸದ್ಯಕ್ಕೆ ಬೇಡ. ಒಂದೂ ಮಡಚದಿದ್ದರೂ ಕೊಡಬಹುದು, ಸುಲಭವಾದದ್ದನ್ನು ಓದಬಾರದೆಂದೇನಿಲ್ಲ. ಕನ್ನಡದಲ್ಲಿ ಒಂದು ಎಚ್ಚರ ಬೇಕು. ‘ಓಡಿಹೋಗಿಬಿಟ್ಟಿದ್ದಾನಂತೆ’ ಎಂಬ ಉದ್ದ ನೋಡಿಯೇ ಮಗು ಬೆರಳು ಮಡಚಬಹುದು. ಬಾಯಿಬಿಟ್ಟು ಓದಿಸಿದರೆ ಅರ್ಥವಾಗುತ್ತದೆ, ಆ ಬೆರಳನ್ನು ಬಿಡಿಸಿ. ಹೆಸರುಗಳನ್ನೂ ಲೆಕ್ಕಕ್ಕೆ ಹಿಡಿಯಬೇಡಿ.

ನಾನು ಒಮ್ಮೆಗೆ ಮೂರೇ ಪುಸ್ತಕ ಮುಂದಿಡುತ್ತೇನೆ: ಹೇಳಿದ ಸೆಳೆತಕ್ಕೆ ನೇರ ಹೊಂದುವುದೊಂದು, ಸ್ವಲ್ಪ ಆಚೆಯದೊಂದು, ತೆಳ್ಳಗಿರುವುದೊಂದು. ಒಂದೇ ಇಟ್ಟರೆ ಅದು ಅಪ್ಪಣೆಯಾಗುತ್ತದೆ, ಎಂಟು ಇಟ್ಟರೆ ಮಗು ಮುಖಪುಟ ನೋಡಿ ಸುಸ್ತಾಗುತ್ತದೆ. ಪ್ರತಿಯೊಂದರ ಬಗ್ಗೆ ಅರ್ಧ ನಿಮಿಷ ಮಾತು. ಯಾರು, ಏನು ತೊಂದರೆ, ಅಲ್ಲಿಗೆ ನಿಲ್ಲಿಸಬೇಕು. ‘ಹನ್ನೆರಡು ವರ್ಷದ ಹುಡುಗಿ. ಪಕ್ಕದ ಖಾಲಿ ಮನೆಯಲ್ಲಿ ದಿನಾ ರಾತ್ರಿ ಯಾರೋ ಹೊಲಿಗೆ ಮಷಿನ್ ತುಳಿಯೋ ಸದ್ದು. ಅವಳಿಗೆ ಮಾತ್ರ ಕೇಳಿಸುತ್ತೆ.’ ಇಷ್ಟೇ. ‘ತುಂಬಾ ಒಳ್ಳೆಯ ನೀತಿ ಇದೆ’, ‘ಬಹುಮಾನ ಬಂದಿದೆ’ ಎಂಬ ಮಾತು ಬಂತೋ, ಮಗುವಿನ ಕೈ ಹಿಂದಕ್ಕೆ ಹೋಗುತ್ತದೆ. ನೀವು ಚಿಕ್ಕಂದಿನಲ್ಲಿ ಮೆಚ್ಚಿದ್ದನ್ನು ಕೊಡಬೇಕೆನಿಸಿದರೆ ಇವತ್ತು ಇನ್ನೊಮ್ಮೆ ಓದಿ, ಆಮೇಲೆ ಕೊಡಿ.

ಆಮೇಲೆ ಸುಮ್ಮನೆ ಐದು ನಿಮಿಷ ಆಚೆ ಹೋಗಬೇಕು. ಎದುರು ನಿಂತರೆ ಮಗು ನಿಮ್ಮನ್ನು ಮೆಚ್ಚಿಸಲು ದಪ್ಪದ್ದನ್ನೇ ಹಿಡಿಯುತ್ತದೆ. ವಾಪಸು ಬಂದಾಗ ಬೆರಳು ಯಾವ ಪುಸ್ತಕದ ಹಾಳೆಗಳ ನಡುವೆ ಸಿಕ್ಕಿಕೊಂಡಿದೆಯೋ ಅದನ್ನು ಕೊಟ್ಟು ಕಳಿಸಿ.

ಜೊತೆಗೆ ಬಂದ ಅಪ್ಪ ಅಮ್ಮ ‘ಕಾಮಿಕ್ಸ್ ಬೇಡ, ದಪ್ಪಗಿರೋದು ಕೊಡಿ’ ಎನ್ನುವುದುಂಟು. ಚಿತ್ರಕಥೆಯಲ್ಲಿ ಎರಡು ಚೌಕದ ನಡುವೆ ನಡೆದದ್ದನ್ನು ಮಗುವೇ ಊಹಿಸಬೇಕು, ಅದೂ ಓದೇ ಎಂದು ಒಂದು ಪುಟ ತೆರೆದು ತೋರಿಸುತ್ತೇನೆ. ಒಪ್ಪದಿದ್ದರೆ ಅವರು ಕೇಳಿದ್ದೊಂದು, ಮಗು ಕೇಳಿದ್ದೊಂದು, ಎರಡನ್ನೂ ಕೊಡುತ್ತೇನೆ. ಸರಣಿಯ ಮೊದಲ ಭಾಗ ಕೊಟ್ಟರೆ ಎರಡನೆಯದು ಕೈಗೆಟುಕುವಲ್ಲಿರಲಿ. ಮುಗಿದ ದಿನವೇ ಸಿಗದಿದ್ದರೆ ಆ ಕಾವು ಆರುತ್ತದೆ.

ಬಿಡುವ ಹಕ್ಕನ್ನೂ ಕೈಗೆ ಕೊಟ್ಟೇ ಕಳಿಸಬೇಕು. ಫ್ರೆಂಚ್ ಲೇಖಕ ಡೇನಿಯಲ್ ಪೆನ್ನಾಕ್ 1992ರಲ್ಲಿ ಬರೆದ ಓದುಗನ ಹತ್ತು ಹಕ್ಕುಗಳಲ್ಲಿ ಪುಸ್ತಕ ಮುಗಿಸದಿರುವುದೂ ಒಂದು. ನಾನು 20 ಪುಟದ ಗಡಿ ಇಡುತ್ತೇನೆ. ಅಲ್ಲಿಯವರೆಗೂ ಹಿಡಿಸದಿದ್ದರೆ ಕಾರಣ ಹೇಳದೆಯೂ ತಂದುಕೊಡಬಹುದು.

ವಾಪಸು ತಂದಾಗ ‘ಏನು ಕಲಿತೆ?’ ಎಂದು ಕೇಳಿದರೆ ಮುಂದಿನ ಸಲ ಮಗು ಬರುವುದಿಲ್ಲ. ‘ಎಲ್ಲಿವರೆಗೆ ಬಂದೆ?’ ಎಂದು ಕೇಳಿ, ಪುಸ್ತಕದ ಹೆಸರು, ಪುಟಸಂಖ್ಯೆ, ಮಗು ಆಡಿದ ಒಂದು ಮಾತು, ಈ ಮೂರನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ನಾಲ್ಕೈದು ಸಾಲು ಸೇರುವಷ್ಟರಲ್ಲಿ ಆ ಮಗುವಿಗೆ ಮುಂದಿನದು ಯಾವುದೆಂದು ಆ ಹಾಳೆಯೇ ತೋರಿಸತೊಡಗುತ್ತದೆ.