ಮೊದಲು ಗಾಳಿ ನೋಡಿ, ಆಮೇಲೆ ಕಂಬ ನೆಡಿ

ಚಿತ್ರದುರ್ಗದವರಿಗೆ ಗಾಳಿಯ ಬಗ್ಗೆ ಯಾರೂ ಪಾಠ ಹೇಳಬೇಕಿಲ್ಲ. ಜೋಗಿಮಟ್ಟಿ ಕಡೆ ಮುಖ ಮಾಡಿ ನಿಂತರೆ ಸಾಕು, ಗುಡ್ಡದ ಸಾಲಿನ ಮೇಲೆ ಗಾಳಿಯಿಂದ ಕರೆಂಟು ತೆಗೆಯುವ ಯಂತ್ರಗಳ ಬಿಳಿ ರೆಕ್ಕೆಗಳು ತಿರುಗುತ್ತಿರುತ್ತವೆ. ಇಂಥದ್ದೇ ಚಿಕ್ಕದೊಂದು ನಮ್ಮ ಮನೆಗೂ ಇದ್ದರೆ ಹೇಗೆ ಅಂತ ಅನ್ನಿಸದವರು ಕಮ್ಮಿ. ನನಗೂ ಅನ್ನಿಸಿತ್ತು. ಪೇಟೆಯ ಮನೆಯ ತಾರಸಿ ಮೇಲೆ ಒಂದು ಹಾಕಿಸಿದೆ. ರಾತ್ರಿಯೆಲ್ಲ ಗೋಡೆ ಗುಂಯ್ ಅನ್ನುತ್ತಿತ್ತು, ಬ್ಯಾಟರಿ ಮಾತ್ರ ತುಂಬುತ್ತಿರಲಿಲ್ಲ. ಎರಡು ತಿಂಗಳಾದ ಮೇಲೆ ಇಳಿಸಿ ಹೊಲದ ಮನೆಗೆ ಒಯ್ದೆ. ಅದೇ ಯಂತ್ರ, ಅದೇ ಬ್ಯಾಟರಿ. ಅಲ್ಲಿ ಇವತ್ತಿಗೂ ದೀಪ ಉರಿಸುತ್ತಿದೆ. ಬದಲಾದದ್ದು ಜಾಗ, ಕಂಬದ ಎತ್ತರ, ಅಷ್ಟೇ. ಅದಕ್ಕೇ ಇಲ್ಲಿ ಯಂತ್ರಕ್ಕಿಂತ ಜಾಗದ ಮಾತು ಜಾಸ್ತಿ.

ಎಂಟು ಪಟ್ಟಿನ ಲೆಕ್ಕ

ಇದೊಂದು ಲೆಕ್ಕ ಗಟ್ಟಿ ಮಾಡಿಕೊಳ್ಳಿ. ಗಾಳಿಯ ವೇಗ ಎರಡು ಪಟ್ಟಾದರೆ ಅದರಲ್ಲಿರುವ ಶಕ್ತಿ ಎರಡಲ್ಲ, ಎಂಟು ಪಟ್ಟಾಗುತ್ತದೆ. ರೆಕ್ಕೆ ತಿರುಗುವ ವೃತ್ತದ ಅಡ್ಡಳತೆ 2 ಮೀಟರ್ ಅಂತ ಇಟ್ಟುಕೊಳ್ಳಿ. ಸೆಕೆಂಡಿಗೆ 3 ಮೀಟರ್ ಗಾಳಿಯಲ್ಲಿ ಅಂಥ ಯಂತ್ರದಿಂದ ಸಿಗುವುದು ಸುಮಾರು 12 ವ್ಯಾಟ್. 6 ಮೀಟರ್ ಗಾಳಿಗೆ 90 ವ್ಯಾಟ್ ದಾಟುತ್ತದೆ. ಗಾಳಿಯಲ್ಲಿರುವ ಶಕ್ತಿಯನ್ನೆಲ್ಲ ಹಿಂಡಿಕೊಳ್ಳಲು ಆಗುವುದಿಲ್ಲ. ಎಂಥ ಯಂತ್ರವೇ ಆದರೂ ನೂರಕ್ಕೆ 59.3ರ ಮೇಲೆ ಹೋಗದು. ಇದನ್ನು ಬೆಟ್ಜ್ ಮಿತಿ ಅನ್ನುತ್ತಾರೆ. ಮನೆಬಳಕೆಯ ಚಿಕ್ಕ ಯಂತ್ರಕ್ಕೆ ನೂರಕ್ಕೆ 25 ಸಿಕ್ಕಿದರೆ ಚೆನ್ನಾಗಿ ನಡೆಯುತ್ತಿದೆ ಅಂತಲೇ ಅರ್ಥ.

ಅಂಗಡಿಯಲ್ಲಿ ‘ಒಂದು ಕಿಲೋವ್ಯಾಟ್ ಯಂತ್ರ’ ಅಂದಾಗ ಇದು ನೆನಪಿರಲಿ. ಆ ಸಂಖ್ಯೆ ಸಾಮಾನ್ಯವಾಗಿ 11, 12 ಮೀಟರ್ ವೇಗದ ಗಾಳಿಯದ್ದು. ಅದರ ಅರ್ಧ ವೇಗದಲ್ಲಿ ಅದೇ ಯಂತ್ರ ಎಂಟನೇ ಒಂದು ಪಾಲು, ಅಂದರೆ 125 ವ್ಯಾಟ್ ಆಸುಪಾಸು ಕೊಡುತ್ತದೆ. ‘5 ಮೀಟರ್ ಗಾಳಿಗೆ ಎಷ್ಟು ವ್ಯಾಟ್?’ ಎಂದು ಕೇಳಿ. ಉತ್ತರ ಬರದಿದ್ದರೆ ಬೇರೆ ಅಂಗಡಿ ನೋಡಿ.

ಗಾಳಿಪಟಕ್ಕೆ ಸೀರೆ ಚೂರು

ನಿಮ್ಮ ಜಾಗದಲ್ಲಿ ಗಾಳಿ ಎಷ್ಟಿದೆ? ಅರಳಿ ಮರವನ್ನು ನಂಬಬೇಡಿ, ಉಸಿರು ಬಿಟ್ಟರೂ ಅದರ ಎಲೆ ಅಲ್ಲಾಡುತ್ತದೆ. ಬೇವಿನ ಮರ ನೋಡಿ. ಎಲೆ ಜೊತೆಗೆ ಸಣ್ಣ ಕಡ್ಡಿಗಳೂ ಬಿಡದೆ ಅಲ್ಲಾಡುತ್ತಿದ್ದರೆ 4, 5 ಮೀಟರ್ ಗಾಳಿ. ದಾರಿಯ ದೂಳು, ಕಾಗದ ಮೇಲೆದ್ದು ಸಣ್ಣ ಕೊಂಬೆ ತೂಗಿದರೆ 6, 7. ಎಳೆಯ ಮರವೇ ಓಲಾಡಿದರೆ 8ರ ಮೇಲೆ. ದಿನಕ್ಕೆ ಮೂರು ಹೊತ್ತು ನೋಡಿ ಕ್ಯಾಲೆಂಡರಿನ ಮನೆಯಲ್ಲಿ ಬರೆದಿಡಿ. ಕೈಯಲ್ಲಿ ಹಿಡಿಯುವ ಗಾಳಿ ಮಾಪಕ ಸಿಕ್ಕಿದರೆ ಇನ್ನೂ ಒಳ್ಳೆಯದು. ಒಂದು ವರ್ಷ ಬರೆಯಿರಿ ಅಂತ ನನ್ನ ಮಾತು. ಆಗದಿದ್ದರೆ ಆಷಾಢದ್ದೊಂದು ತಿಂಗಳು, ದೀಪಾವಳಿ ಕಳೆದ ಮೇಲಿನದೊಂದು ತಿಂಗಳು. ನಮ್ಮಲ್ಲಿ ಜೋರು ಗಾಳಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಆಮೇಲೆ ಎಷ್ಟು ಇಳಿಯುತ್ತದೆ ಅನ್ನುವುದೂ ಗೊತ್ತಾಗಬೇಕಲ್ವಾ?

ವೇಗ ಒಂದೇ ಸಾಲದು, ಗಾಳಿ ನೇರವಾಗಿ ಹರಿಯಬೇಕು. ಗೋಡೆ, ಮರ, ನೀರಿನ ಟ್ಯಾಂಕಿಗೆ ಬಡಿದ ಗಾಳಿ ಸುಳಿ ಸುತ್ತುತ್ತದೆ. ತಾರಸಿಯಲ್ಲಿ ನನಗಾದದ್ದು ಅದೇ. ಸುಳಿಯಲ್ಲಿ ರೆಕ್ಕೆ ಅತ್ತ ಇತ್ತ ತಡಕಾಡುತ್ತದೆ, ಬೇರಿಂಗ್ ಸವೆಯುತ್ತದೆ, ಕರೆಂಟು ಬರುವುದಿಲ್ಲ.

ಇದನ್ನು ಕಣ್ಣಾರೆ ನೋಡಲು ಆಷಾಢದ ಗಾಳಿಪಟವೇ ಸಾಕು. ಹಳೇ ನೈಲಾನ್ ಸೀರೆಯಿಂದ ಎರಡು ಬೆರಳಗಲ, ಒಂದು ಮೊಳ ಉದ್ದದ ಚೂರುಗಳನ್ನು ಕತ್ತರಿಸಿ. ಪಟ ಮೇಲೇರಿ ನಿಂತ ಮೇಲೆ ದಾರ ಬಿಡುತ್ತಾ ಹತ್ತು ಹತ್ತು ಅಡಿಗೊಂದು ಚೂರು ಕಟ್ಟುತ್ತಾ ಹೋಗಿ. ಹತ್ತಿರದಲ್ಲಿ ಕರೆಂಟಿನ ತಂತಿ ಇರಕೂಡದು, ದಾರ ಹತ್ತಿಯದ್ದೇ ಆಗಿರಲಿ. ಈಗ ಸುಮ್ನೆ ನಿಂತು ನೋಡಿ. ಕೆಳಗಿನ ಚೂರುಗಳು ಒದ್ದಾಡುತ್ತವೆ, ದಾರಕ್ಕೇ ಸುತ್ತಿಕೊಳ್ಳುತ್ತವೆ. ಒಂದು ಎತ್ತರ ದಾಟಿದ ಮೇಲೆ ಚೂರು ನೆಟ್ಟಗೆ ಚಾಚಿ, ತುದಿ ಮಾತ್ರ ಮಿಡಿಯುತ್ತದೆ. ನಿಮ್ಮ ರೆಕ್ಕೆ ಇರಬೇಕಾದ ಎತ್ತರ ಅದು. ನಮ್ಮ ಹೊಲದಲ್ಲಿ ಕೆಳಗಿನಿಂದ ನಾಲ್ಕನೇ ಚೂರು ನೆಟ್ಟಗಾಯಿತು.

ಹಳೇ ಕಣ ಎಲ್ಲಿತ್ತು ಅಂತ ಮನೆಯ ಹಿರಿಯರನ್ನೂ ಕೇಳಿ. ‘ಗಾಳಿ ಬಂದಾಗ ತೂರಿಕೋ’ ಅಂದವರು ಕಣವನ್ನು ಗಾಳಿಗೆ ಅಡ್ಡಿಯಿಲ್ಲದ ಕಡೆಯೇ ಮಾಡುತ್ತಿದ್ದರು. ಆದರೆ ಒಕ್ಕಣೆ ಕಾಲದ ಗಾಳಿ ಮೂಡಣದ್ದು, ಯಂತ್ರಕ್ಕೆ ಹೊಟ್ಟೆ ತುಂಬಿಸುವುದು ಪಡುವಣದ್ದು. ಪಶ್ಚಿಮಕ್ಕೆ ತೆಂಗಿನ ಸಾಲು ಬೆಳೆದಿದ್ದರೆ ಆ ಕಣವೂ ಬೇಡ.

ಕಂಬ

ಸುತ್ತಲಿನ 300 ಅಡಿಯೊಳಗೆ ಇರುವ ಎಲ್ಲಕ್ಕಿಂತ ರೆಕ್ಕೆಯ ತಳ 30 ಅಡಿ ಮೇಲಿರಬೇಕು ಅನ್ನುವುದು ಈ ಕೆಲಸದಲ್ಲಿರುವವರ ಲೆಕ್ಕ. ಬುಡದಲ್ಲಿ ಕೀಲಿರುವ, ಮಲಗಿಸಿ ಎತ್ತಬಹುದಾದ ಜಿಐ ಪೈಪಿನ ಕಂಬವನ್ನೇ ಮಾಡಿಸಿ. ರಿಪೇರಿಗೆ ಯಾರೂ ಮೇಲೆ ಹತ್ತಬೇಕಾಗುವುದಿಲ್ಲ. ಕಂಬ ಬಿಗಿದು ಹಿಡಿಯಲು ನಾಲ್ಕು ದಿಕ್ಕಿನ ಗೂಟಕ್ಕೂ ಸ್ಟೇ ವೈರ್ ಎಳೆಯಿರಿ. ಮಸಾರಿ ನೆಲವಾದರೆ ಗೂಟ ಗಟ್ಟಿಯಾಗಿ ನಿಲ್ಲುತ್ತದೆ. ಎರೆ ನೆಲ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ, ವೈರ್ ಸಡಿಲವಾಗುತ್ತದೆ. ಅಲ್ಲಿ ಗುಂಡಿ ಆಳಕ್ಕೆ ತೋಡಿ ಕಾಂಕ್ರೀಟ್ ಹಾಕಿಸಿ, ತಿಂಗಳಿಗೊಮ್ಮೆ ಬಿಗಿ ನೋಡಿ. ಸಿಡಿಲಿಗೆ ಅರ್ತಿಂಗ್ ಬೇಕೇ ಬೇಕು.

ಮೊದಲು ಮನೆಯ ಖರ್ಚು ಇಳಿಸಿ

ಹಳೇ ಸೀಲಿಂಗ್ ಫ್ಯಾನ್ 75 ವ್ಯಾಟ್ ತಿನ್ನುತ್ತದೆ. ಈಗ ಕಮ್ಮಿ ಕರೆಂಟು ತಿನ್ನುವ ಮೋಟರಿನ ಫ್ಯಾನ್ ಇದೆ, ಬಿಎಲ್‌ಡಿಸಿ ಅನ್ನುತ್ತಾರೆ. ಬಿಎಲ್‌ಡಿಸಿ ಫ್ಯಾನ್‌ಗೆ 30 ಸಾಕು. ಎಂಟು ಗಂಟೆ ತಿರುಗಿದರೆ 600 ವ್ಯಾಟ್ ಅವರ್ ಇದ್ದದ್ದು 240ಕ್ಕೆ ಇಳಿಯುತ್ತದೆ. 9 ವ್ಯಾಟಿನ ಮೂರು ಎಲ್‌ಇಡಿ ಐದು ಗಂಟೆಗೆ 135. ಮೊಬೈಲ್ ಸೇರಿಸಿದರೂ ಒಟ್ಟು 400 ಆಸುಪಾಸು. ಸಾವಿರ ವ್ಯಾಟ್ ಅವರ್ ಅಂದರೆ ಒಂದು ಯೂನಿಟ್, ಹಾಗಾಗಿ ಇದು ಅರ್ಧ ಯೂನಿಟ್‌ಗಿಂತ ಕಮ್ಮಿ. ಇಷ್ಟನ್ನು ನಮ್ಮ 2 ಮೀಟರ್ ಯಂತ್ರ 5 ಮೀಟರ್ ಗಾಳಿಯಲ್ಲಿ ಹತ್ತು ಗಂಟೆಯೊಳಗೆ ಕೊಟ್ಟುಬಿಡುತ್ತದೆ. ಹಳೇ ಫ್ಯಾನ್ ಹಾಗೇ ಇಟ್ಟುಕೊಂಡು ದೊಡ್ಡ ಯಂತ್ರ ಕೊಳ್ಳುವುದು ತೂತು ಕೊಡಕ್ಕೆ ನೀರು ಹೊತ್ತ ಹಾಗೆ. ಫ್ರಿಜ್, ಪಂಪ್‌ಸೆಟ್ ಬೆಸ್ಕಾಂ ಲೈನಿನಲ್ಲೇ ಇರಲಿ.

ವೈರು, ಬ್ಯಾಟರಿ

12 ವೋಲ್ಟಿಗಿಂತ 24 ವೋಲ್ಟ್ ಆರಿಸಿ. ಅದೇ ವೈರಿನಲ್ಲಿ ಬಿಸಿಯಾಗಿ ಸೋರಿಹೋಗುವ ಶಕ್ತಿ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಕಂಬ ಮನೆಯಿಂದ ದೂರ ಇರುವುದರಿಂದ ಇದು ಸಣ್ಣ ಮಾತಲ್ಲ. 12 ವೋಲ್ಟ್, 150 ಎಹೆಚ್‌ನ (ಆಂಪಿಯರ್ ಅವರ್) ಎರಡು ಟ್ಯೂಬುಲರ್ ಬ್ಯಾಟರಿಯನ್ನು ಒಂದರ ಹಿಂದೊಂದು ಜೋಡಿಸಿದರೆ 24 ವೋಲ್ಟ್ ಆಗುತ್ತದೆ, 3.6 ಯೂನಿಟ್ ಹಿಡಿಯುತ್ತದೆ. ಅರ್ಧ ಮಾತ್ರ ಬಳಸಿದರೆ ಬಾಳಿಕೆ ಜಾಸ್ತಿ.

ಬ್ಯಾಟರಿ ತುಂಬುವುದನ್ನು ನೋಡಿಕೊಳ್ಳುವ ಪೆಟ್ಟಿಗೆಗೆ ಕಂಟ್ರೋಲರ್ ಅನ್ನುತ್ತಾರೆ. ಸೋಲಾರ್ ಕಂಟ್ರೋಲರನ್ನು ಗಾಳಿಯಂತ್ರಕ್ಕೆ ಹಾಕಲೇಬೇಡಿ. ಬ್ಯಾಟರಿ ತುಂಬಿದೊಡನೆ ಅದು ಸಂಪರ್ಕ ಬಿಡಿಸುತ್ತದೆ. ಪ್ಯಾನೆಲ್‌ಗೆ ಏನೂ ಆಗುವುದಿಲ್ಲ. ಆದರೆ ಭಾರ ತಪ್ಪಿದ ರೆಕ್ಕೆ ಹಗ್ಗ ಹರಿದ ಹೋರಿಯ ಹಾಗೆ ಓಡಿ ಮುರಿದುಕೊಳ್ಳುತ್ತದೆ. ಹೆಚ್ಚಾದ ಕರೆಂಟನ್ನು ಒಂದು ಹೀಟರ್ ಕಾಯಿಲ್‌ಗೆ ತಿರುಗಿಸುವ, ಡಂಪ್ ಲೋಡ್ ಇರುವ ಕಂಟ್ರೋಲರೇ ಬೇಕು. ಜೊತೆಗೆ ಯಂತ್ರದ ಮೂರೂ ವೈರುಗಳನ್ನು ಒಂದಕ್ಕೊಂದು ಸೇರಿಸುವ ಬ್ರೇಕ್ ಸ್ವಿಚ್. ಗಾಳಿ ಕೊಂಚ ತಗ್ಗಿದಾಗ ಅದನ್ನು ಹಾಕಿದರೆ ರೆಕ್ಕೆ ನಿಲ್ಲುತ್ತದೆ.

ಈ ಕರೆಂಟನ್ನು ಮನೆಯ ಬೆಸ್ಕಾಂ ವೈರಿಂಗ್‌ಗೆ ನೀವಾಗಿ ಸೇರಿಸಬೇಡಿ. ಲೈನ್ ಆಫ್ ಮಾಡಿಸಿ ಕಂಬ ಹತ್ತಿದ ಲೈನ್‌ಮನ್ ಜೀವಕ್ಕೆ ಅದು ಅಪಾಯ. ಪ್ರತ್ಯೇಕ ಸ್ವಿಚ್‌ಬೋರ್ಡ್ ಇರಲಿ.

ಗಾಳಿ ಇಲ್ಲದ ತಿಂಗಳಿಗೆ ಒಂದು 100 ವ್ಯಾಟ್ ಸೋಲಾರ್ ಪ್ಯಾನೆಲ್ ಜೋಡಿಸಿ, ಅದಕ್ಕೆ ಅದರದ್ದೇ ಕಂಟ್ರೋಲರ್ ಇರಲಿ. ಬೇಸಿಗೆಯಲ್ಲಿ ದಿನಕ್ಕೆ ಸುಮಾರು 400 ವ್ಯಾಟ್ ಅವರ್ ಅದೇ ಕೊಡುತ್ತದೆ. ಹಾಗಾಗಿ ನಾವು ಯುಗಾದಿ ಕಳೆದ ಮೇಲೆ ಒಂದು ಬೆಳಗ್ಗೆ ಬ್ರೇಕ್ ಹಾಕಿ, ನಾಲ್ಕು ಜನ ಹಗ್ಗ ಹಿಡಿದು ಕಂಬ ಮಲಗಿಸುತ್ತೇವೆ. ರೆಕ್ಕೆಯ ಅಂಚಿಗೆ ಬೆರಳಾಡಿಸಿ ಸೀಳು ಬಿಟ್ಟಿದೆಯಾ ನೋಡುತ್ತೇವೆ. ಬೋಲ್ಟು ಬಿಗಿ ಮಾಡುತ್ತೇವೆ. ಕೈಯಿಂದ ತಿರುಗಿಸಿ ಕಿವಿಗೊಡುತ್ತೇವೆ, ಕರಕರ ಅಂದರೆ ಬೇರಿಂಗ್ ಬದಲಿಸಬೇಕು. ಭರಣಿ, ಕೃತ್ತಿಕೆಯ ಗುಡುಗು ಬಿರುಗಾಳಿ ದಾಟುವ ತನಕ ಅದು ಹುಣಸೆ ಮರದ ಬುಡದಲ್ಲಿ ಮಲಗಿರುತ್ತದೆ. ರೋಹಿಣಿ ಮಳೆಯ ಹೊತ್ತಿಗೆ ಮತ್ತೆ ಎತ್ತಿ ನಿಲ್ಲಿಸುತ್ತೇವೆ.