ಟೇಕ್ ಆಫ್: ಬಿಚ್ಚೋದೋ, ಹಾರೋದೋ?

ವಿಜಯಪುರದಲ್ಲಿ ಸಂಜೆ ಹೊತ್ತು ಇಂಗ್ಲಿಷ್ ಹೇಳಿಕೊಡುತ್ತೇನೆ. ಪ್ರತಿ ಬ್ಯಾಚಿನಲ್ಲೂ ಒಬ್ಬರಾದರೂ ‘ಓಪನ್ ಯುವರ್ ಶೂಸ್’ ಅನ್ನುತ್ತಾರೆ. ಯಾಕೆ ಅಂತ ಗೊತ್ತು. ನಾವು ‘ಬೂಟು ಬಿಚ್ಚಿ ಒಳಗ ಬರ್ರಿ’ ಅನ್ನುತ್ತೇವೆ, ಗಂಟು ಬಿಚ್ಚುವುದಕ್ಕೂ ಅದೇ ಮಾತು, ಹಾಗಾಗಿ ‘ಬಿಚ್ಚು’ ಅಂದ ಕೂಡಲೇ ಬಾಯಿಗೆ ‘ಓಪನ್’ ಬಂದುಬಿಡುತ್ತದೆ. ಬೇಕಾದದ್ದು ‘ಟೇಕ್ ಆಫ್’. ಆದರೆ ವಿಮಾನಕ್ಕೂ ಟೇಕ್ ಆಫ್, ರಜೆಗೂ ಟೇಕ್ ಆಫ್ ಅಂದರೆ ಗಾಬರಿಯಾಗುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹೆಜ್ಜೆ 1. ಅರ್ಥಗಳ ಪಟ್ಟಿ ಬಾಯಿಪಾಠ ಮಾಡಬೇಡಿ. ಬಂಡಿ ಹೊಡಿ, ಗಂಟೆ ಹೊಡಿ, ಸುಣ್ಣ ಹೊಡಿ ಅಂತೀವಿ ಅಲ್ವಾ? ಯಾವ ಮಗುವೂ ಇದನ್ನು ಬರೆದುಕೊಂಡು ಕಲಿತಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಸಿಗುವ ಸಣ್ಣ ಪುಸ್ತಕಗಳಲ್ಲಿ ಒಂದು ಮಾತಿಗೆ ಒಂದೇ ಅರ್ಥ ಕೊಟ್ಟಿರುತ್ತಾರೆ. ಅವನ್ನು ಕೊಳ್ಳಲೇಬೇಡಿ.

ಹೆಜ್ಜೆ 2. ‘ಏನನ್ನು?’ ಅಂತ ಕೇಳಿಕೊಳ್ಳಿ. ಉತ್ತರ ಬೂಟು, ಅಂಗಿ, ಕನ್ನಡಕ ಆದರೆ ತೆಗೆಯುವುದು. ದಿನ ಆದರೆ ರಜೆ. ದುಡ್ಡು ಆದರೆ ಬೆಲೆ ಇಳಿಸುವುದು. ಉತ್ತರವೇ ಇಲ್ಲವೆಂದರೆ ಏನೋ ಮೇಲೆದ್ದಿದೆ, ಇಲ್ಲವೇ ಹೊರಟಿದೆ. ‘ದ ಪ್ಲೇನ್ ಟುಕ್ ಆಫ್ ಫ್ರಮ್ ಸಾಂಬ್ರಾ’ ಅಂದರೆ ಬೆಳಗಾವಿಯ ಸಾಂಬ್ರಾ ನಿಲ್ದಾಣದಿಂದ ವಿಮಾನ ಏರಿತು. ‘ಹರ್ ಬಿಸಿನೆಸ್ ಟುಕ್ ಆಫ್’ ಅಂದರೆ ವ್ಯಾಪಾರ ಕುದುರಿತು. ‘ಹಿ ಟುಕ್ ಆಫ್’ ಅಂದರೆ ಎದ್ದು ಹೊರಟೇಬಿಟ್ಟ. ಬ್ರಿಟಿಷರು ಯಾರನ್ನಾದರೂ ಅಣಕ ಮಾಡುವುದಕ್ಕೂ ಇದನ್ನೇ ಬಳಸುತ್ತಾರೆ, ಅದು ಈಗ ಬೇಡ.

ಹೆಜ್ಜೆ 3. ಎಲ್ಲರೂ ಎಡವುವುದು ಇಲ್ಲೇ, ನಿಧಾನ ಓದಿ. ‘ಟೇಕ್ ಆಫ್ ಯುವರ್ ಶೂಸ್’ ಸರಿ. ‘ಟೇಕ್ ಯುವರ್ ಶೂಸ್ ಆಫ್’ ಕೂಡ ಸರಿ. ಆದರೆ ಶೂಸ್ ಜಾಗಕ್ಕೆ ‘ದೆಮ್’ ಬಂತೋ, ‘ಟೇಕ್ ದೆಮ್ ಆಫ್’ ಒಂದೇ ದಾರಿ. ‘ಟೇಕ್ ಆಫ್ ದೆಮ್’ ತಪ್ಪು. ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಹೊಸ ಸುದ್ದಿ ಕೊನೆಗೆ ಬರುತ್ತದೆ, ಒತ್ತೂ ಅಲ್ಲೇ ಬೀಳುತ್ತದೆ. ‘ದೆಮ್’, ‘ಇಟ್’ ಹಳೇ ಸುದ್ದಿ, ಹಗುರ ಮಾತು, ಅವಕ್ಕೆ ಕೊನೆಯ ಜಾಗ ಸಲ್ಲುವುದಿಲ್ಲ. ನಮ್ಮ ಕ್ಲಾಸಿನಲ್ಲಿ ‘ಆಫ್’ ಬಂದಾಗ ಚಪ್ಪಾಳೆ ಹೊಡೆಸುತ್ತೇನೆ: ಟೇಕ್ ಇಟ್ ಆಫ್, ಟೇಕ್ ದೆಮ್ ಆಫ್. ಹತ್ತು ಸಲ ಹೇಳಿದರೆ ತಪ್ಪು ರೂಪ ಕಿವಿಗೇ ಒಗ್ಗುವುದಿಲ್ಲ. ವಸ್ತುವಿನ ಹೆಸರು ಉದ್ದವಿದ್ದರೆ, ಉದಾಹರಣೆಗೆ ‘ದ ಸ್ವೆಟರ್ ಯು ಬಾಟ್ ಇನ್ ಬೆಳಗಾವಿ’, ಆಗ ‘ಟೇಕ್ ಆಫ್’ ಎರಡನ್ನೂ ಮುಂದೆ ಒಟ್ಟಿಗೇ ಹೇಳಿ, ‘ಆಫ್’ ಕೊನೆಗೆ ನೇತಾಡಬಾರದು.

ರಜೆಗೆ ದಿನವನ್ನು ನಡುವೆಯೇ ಇಡಿ. ಸಿದ್ಧೇಶ್ವರ ಜಾತ್ರೆಗೆ ರಜೆ ಹಾಕಿದ್ದರೆ ‘ಐ ಟುಕ್ ಟು ಡೇಸ್ ಆಫ್’. ಇಳಕಲ್ ಸೀರೆ ಕೊಳ್ಳುವಾಗ ‘ಟೇಕ್ ಎ ಹಂಡ್ರೆಡ್ ರುಪೀಸ್ ಆಫ್ ದ ಪ್ರೈಸ್’. ವಿಮಾನ ಏರುವುದಕ್ಕೆ ಮಾತ್ರ ‘ಏನನ್ನು?’ ಅನ್ನುವುದರ ಉತ್ತರ ಸೇರಿಸಬೇಡಿ, ‘ದ ಪೈಲಟ್ ಟುಕ್ ಆಫ್ ದ ಪ್ಲೇನ್’ ಅನ್ನುವುದಿಲ್ಲ.

ಹೆಜ್ಜೆ 4. ಟೇಕ್, ಟುಕ್, ಟೇಕನ್. ‘ಟೇಕ್ಡ್’ ಇಲ್ಲ.

ಅಭ್ಯಾಸಕ್ಕೆ ಮೊಬೈಲ್ ಆ್ಯಪ್ ಬೇಡ, ಮನೆ ಬಾಗಿಲು ಸಾಕು. ಇವತ್ತು ಸಂಜೆ ಹೊಸ್ತಿಲ ಹತ್ತಿರ ನಿಂತು ಮೊದಲು ‘ಐ ಆಮ್ ಟೇಕಿಂಗ್ ಆಫ್ ಮೈ ಚಪ್ಪಲ್ಸ್’ ಅನ್ನಿ, ಬಿಟ್ಟಮೇಲೆ ‘ಐ ಟುಕ್ ದೆಮ್ ಆಫ್’ ಅನ್ನಿ, ಆಮೇಲೆ ಒಳಗೆ ಹೋಗಿ.